ನಮ್ಮ ಪಾಲಿನ ಗೋಡೆ

ಹಳಿಯಾಳದ ನಮ್ಮ ಸಿಮಿತ್ರಿಗೆ, ಅಂದರೆ ಇಗರ್ಜಿಯ ಹಿಂದಿನ ಕ್ರಿಸ್ತುವರ ಸ್ಮಶಾನಕ್ಕೆ, ಆಗ ಮಣ್ಣಿನ ಗೋಡೆ ಇತ್ತು. ಒಂದೊಂದು ಮನೆತನಕ್ಕೆ ಅದರ ಒಂದೊಂದು ತುಂಡು ಪಾಲಾಗಿ ಬಂದಿತ್ತು. ಬೇಸಿಗೆ ಮುಗಿಯುವ ಹೊತ್ತಿಗೆ ಅವರವರ ಪಾಲಿನ ಗೋಡೆಯ ತಲೆಗೆ ಅವರವರೇ ಹುಲ್ಲು ಹೊದಿಸಬೇಕು. ಮಳೆಗಾಲ ಕಳೆದ ಮೇಲೆ ಬಿದ್ದದ್ದನ್ನು ಎತ್ತಿ ಕಟ್ಟಿ, ನವೆಂಬರಿನ ಸತ್ತವರ ಹಬ್ಬಕ್ಕೆ ಸುಣ್ಣ ಬಳಿಯಬೇಕು. ಹುಲ್ಲು ಹೆಂಗಸರ ಕೆಲಸ, ಮಣ್ಣು ಗಂಡಸರ ಕೆಲಸ. ಹುಲ್ಲಿಲ್ಲದಿದ್ದರೆ ನಮ್ಮ ಕಡೆಯ ಮಳೆಗೆ ಮಣ್ಣಿನ ಗೋಡೆ ಶ್ರಾವಣ ಕಾಣುವುದಿಲ್ಲ. ಯಾರ ಪಾಲು ನೆಟ್ಟಗಿದೆ, ಯಾರದು ಹೊಟ್ಟೆ ಬಿಟ್ಟಿದೆ ಎಂದು ಭಾನುವಾರ ಪೂಜೆ ಮುಗಿಸಿ ಬಂದವರು ನೋಡಿ ನಗುತ್ತಿದ್ದರು. ಅಪ್ಪನ ಪಾಲಿಗೆ ಮಾತ್ರ ಯಾರೂ ನಗುತ್ತಿರಲಿಲ್ಲ. ಅಪ್ಪ ದಾಂಡೇಲಿಯ ಕಟ್ಟಿಗೆ ಡಿಪೋದಲ್ಲಿ ಗರಗಸ ಎಳೆಯುವವನು. ದಿಮ್ಮಿಗೆ ನೂಲು ಹಿಡಿದು ಗೆರೆ ಹಾಕಿ ಅಭ್ಯಾಸವಾದವನು ಗೋಡೆಗೂ ನೂಲು ಹಿಡಿಯುತ್ತಿದ್ದ.

ಮನೆಯಲ್ಲಿ ನಮ್ಮ ಮಾತು ಕೊಂಕಣಿ. ಓಣಿಯಲ್ಲಿ ಸುತ್ತ ಇದ್ದವರು ಶಿವಪೂಜೆ ಮಾಡುವ ಅಂಗಡಿಕಾರರು, ಒಕ್ಕಲುತನದವರು. ಅವರ ಕನ್ನಡ ನಮ್ಮ ಅಡುಗೆಮನೆಯವರೆಗೂ ಬಂದಿತ್ತು. ನಾವು ಮಕ್ಕಳು ಅವ್ವ, ಅಪ್ಪ ಎಂದೇ ಕರೆಯುತ್ತಿದ್ದೆವು. ಮಾತು ಬಂದ ಬಾಗಿಲಲ್ಲೇ ಓಣಿಯ ರೀತಿಗಳೂ ಒಳಗೆ ಬಂದಿದ್ದವು. ಯಾರ ಮನೆಯಲ್ಲಿ ಯಾರಾದರೂ ಸಾಯುತ್ತಿದ್ದರೆ ಅವ್ವನನ್ನು ಕರೆಯುತ್ತಿದ್ದರು. ಅವ್ವ ಧೈರ್ಯದವಳು, ಹೋಗಿ ತಲೆಯ ಹತ್ತಿರ ಕೂರುತ್ತಿದ್ದಳು. "ಬಾಯಾಗ ನೀರ ಬಿಡ್ರಿ" ಎಂದು ಹಿರಿಯರು ಅಂದಾಗ ಚಮಚ ಹಿಡಿಯುತ್ತಿದ್ದ ಕೈ ಎಷ್ಟೋ ಸಲ ಅವಳದೇ ಆಗಿರುತ್ತಿತ್ತು. ಅದರಲ್ಲಿ ತಪ್ಪೇನೂ ಇರಲಿಲ್ಲ. ಅದೇ ರೂಢಿ ಮುಂದೆ ನಮ್ಮ ಮನೆಯನ್ನು ಹೀಗೆ ಸುಡುತ್ತದೆಂದು ಯಾರಿಗೆ ಗೊತ್ತಿತ್ತು?

ನಮ್ಮ ಜನರಲ್ಲಿ ಕಾಲೇಜಿಗೆ ಹೋದ ಮೊದಲನೆಯವನು ನಾನು. ಅಳ್ನಾವರದವರೆಗೆ ಬಸ್ಸು, ಅಲ್ಲಿಂದ ಧಾರವಾಡಕ್ಕೆ ರೈಲು. ಯುನಿವರ್ಸಿಟಿ ಇದ್ದದ್ದು ದೂರದ ಮುಂಬಯಿಯಲ್ಲಿ. ಅಲ್ಲಿಂದ ನಮಗೆ ಬರುತ್ತಿದ್ದದ್ದು ಪ್ರಶ್ನೆಪತ್ರಿಕೆ ಮಾತ್ರ, ಅದೂ ನಾವು ಓದದೇ ಬಿಟ್ಟ ಪಾಠದ ಮೇಲೆ. ಯುದ್ಧದ ಕಾಲವಾಗಿತ್ತು. ಧಾರವಾಡದಲ್ಲಿ ಓದುತ್ತಿದ್ದ ನಾವು ಬೆರಳೆಣಿಕೆಯ ಕಥೋಲಿಕ ಹುಡುಗರು ಭಾನುವಾರ ಪೂಜೆಯಾದ ಮೇಲೆ ಇಗರ್ಜಿಯ ಪಕ್ಕದ ಕೋಣೆಯಲ್ಲಿ ಸೇರಬೇಕೆಂದು ಅಲ್ಲಿನ ಫಾದರ್ ಕಟ್ಟಳೆ ಮಾಡಿದ್ದರು. ತನ್ನ ವಿಶ್ವಾಸಕ್ಕೆ ಕಾರಣ ಹೇಳಲು ಬಾರದ ಪದವೀಧರ ಮೊದಲ ಜಾಣ ಗೆಳೆಯ ಸಿಕ್ಕ ದಿನವೇ ಅದನ್ನು ಕಳೆದುಕೊಳ್ಳುತ್ತಾನೆ ಎನ್ನುವುದು ಅವರ ಭಯ. ದೇವರಿದ್ದಾನೆಂದು ಬುದ್ಧಿಯಿಂದ ಹೇಗೆ ತಿಳಿಯುವುದು, ಹಸಿದವನು ರೊಟ್ಟಿ ಕದ್ದರೆ ಅದು ಕಳ್ಳತನವೇ, ಚಳವಳಿಗೆ ಸೇರಿ ಕಾಲೇಜು ಬಿಟ್ಟರೆ ತಂದೆತಾಯಿಯ ಮಾತು ಮೀರಿದಂತೆಯೇ, ಇಂಥವೇ ವಿಷಯ. ಫಾದರ್ ಅರ್ಧ ಗಂಟೆ ಮಾತಾಡುತ್ತಿದ್ದರು. ಆಮೇಲೆ ನಮ್ಮ ಸರದಿ.

ಪ್ರಶ್ನೆ ಕೇಳುವುದಕ್ಕೊಂದು ನಿಯಮವಿತ್ತು. ಎದ್ದು ನಿಂತು ಕೇಳಬೇಕು, ಆದರೆ ತನ್ನದೆಂದಾಗಲಿ ಗೆಳೆಯನದೆಂದಾಗಲಿ ಹೇಳಬಾರದು. 'ಒಬ್ಬ ಮನುಷ್ಯ' ಎಂದೇ ಶುರು ಮಾಡಬೇಕು. ಶುಕ್ರವಾರ ನಮಗೆ ಮಾಂಸ ವರ್ಜ್ಯ. "ಒಬ್ಬ ಮನುಷ್ಯ ಶುಕ್ರವಾರವೆಂದು ಮರೆತು ಮಾಂಸ ತಿಂದರೆ?" ಎಂದು ನಮ್ಮಲ್ಲಿದ್ದ ಕಾರವಾರದ ಹುಡುಗ ಕೇಳಿದಾಗ, ಸ್ಟೇಶನ್ನಿನ ಹತ್ತಿರದ ಹೋಟೆಲಿನಲ್ಲಿ ಎರಡನೇ ಸಲ ಹಾಕಿಸಿಕೊಂಡ ಆ ಮನುಷ್ಯ ಯಾರೆಂದು ನಮಗೆಲ್ಲ ಗೊತ್ತಿರುತ್ತಿತ್ತು. ಫಾದರಿಗೂ ಗೊತ್ತಿರುತ್ತಿತ್ತು. ಅವರು ನಗದೆ ಉತ್ತರ ಕೊಡುತ್ತಿದ್ದರು. ನನಗಂತೂ ವಾದವೆಂದರೆ ಊಟಕ್ಕಿಂತ ರುಚಿ, ಜೊತೆಗೆ ಮೂಗಿನ ತುದಿಯಲ್ಲೇ ಸಿಟ್ಟು. ಸುಳ್ಳಿನ ಮೇಲೆ ಫಾದರ್ ಮಾತಾಡಿದ ಭಾನುವಾರ ನಾನು ಅವರ ಜೊತೆ ಜಗಳವನ್ನೇ ಆಡಿದ್ದೆ. ನೊಂದವರ ಸಮಾಧಾನಕ್ಕೂ ಸುಳ್ಳು ಹೇಳುವಂತಿಲ್ಲ ಎಂದರು ಅವರು. ಹಾಗಾದರೆ ನಮ್ಮೂರಿನ ಹೆಂಗಸರೆಲ್ಲ ನರಕಕ್ಕೇ ಹೋಗಬೇಕಾಗುತ್ತದೆ ಎಂದೆ ನಾನು. ಎಲ್ಲರೂ ನಕ್ಕರು. ಆಗ ಆ ಕೋಣೆ ನನಗೆ ಒಂದು ಆಟದ ಬಯಲಿನ ಹಾಗಿತ್ತು.

ಆ ವರ್ಷದ ಆಷಾಢದಲ್ಲಿ ನನ್ನ ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಅವಳನ್ನು ಕೊಟ್ಟದ್ದು ಜೋಯಿಡಾದ ಆಚೆ, ಕುಂಬಾರವಾಡದ ಕಡೆಗೆ. ಸುತ್ತೆಲ್ಲ ಕಾಡು, ನಡುವೆ ಒಂದಿಷ್ಟು ಭತ್ತದ ಗದ್ದೆ. ಗಂಡುಕೂಸು ಹುಟ್ಟಿತು. ಕೂಸನ್ನು ಕ್ರಿಸ್ತುವನನ್ನಾಗಿ ಮಾಡಿ ಹೆಸರಿಡುವುದೇ ಜ್ಞಾನಸ್ನಾನ; ಮೊದಲ ಕೂಸಿನ ಜ್ಞಾನಸ್ನಾನದಲ್ಲಿ ಅದನ್ನು ಎತ್ತಿಕೊಳ್ಳುವ ಜ್ಞಾನತಂದೆಯಾಗಿ ತಂದೆಯ ಅಣ್ಣನೇ ನಿಲ್ಲಬೇಕು, ಅದು ಅವರ ಮನೆತನದ ಹಟ. ಹೇಳಿಕಳಿಸಿದರು. ಅಷ್ಟರಲ್ಲಿ ಹೊಳೆ ತುಂಬಿ ಅವನು ದಾಟುವ ಹಾಗಿರಲಿಲ್ಲ. ಇಗರ್ಜಿ ನಮ್ಮ ಮನೆಯಿಂದ ಕೂಗಳತೆಯಲ್ಲಿತ್ತು. ಊರಿನ ಪಾದ್ರಿಗಳು ಬಾ ಎಂದರೆ ಆ ಮಳೆಯಲ್ಲೂ ಬರುತ್ತಿದ್ದರು. ಆದರೆ ಕೂಸು ಚೆನ್ನಾಗಿ ಹಾಲು ಕುಡಿಯುತ್ತಿತ್ತು, ಬೀಗರ ಮುನಿಸು ಯಾಕೆ ಕಟ್ಟಿಕೊಳ್ಳುವುದೆಂದು ಕಾದರು. ವಾರ ತುಂಬುವುದರೊಳಗೆ ಒಂದು ಮುಂಜಾನೆ ಕೂಸು ಹಾಲು ಬಿಟ್ಟಿತು, ಮೈ ತಣ್ಣಗಾಯಿತು. ಅಪ್ಪ ದಾಂಡೇಲಿಯಲ್ಲಿದ್ದ, ನಾನು ಧಾರವಾಡದಲ್ಲಿ. ಪಕ್ಕದ ಮನೆಯಾಕೆ ಪಾದ್ರಿಗಳನ್ನು ಕರೆಯಲು ಓಡಿದಳು. ಅವ್ವನ ಕೈಯಲ್ಲಿ ನೀರಿನ ಲೋಟವಿತ್ತು. ಸಾಯುವ ಕೂಸಿಗೆ ಯಾರು ಬೇಕಾದರೂ ಹಣೆಯ ಮೇಲೆ ನೀರೆರೆದು ಜ್ಞಾನಸ್ನಾನ ಕೊಡಬಹುದು. ಅವ್ವನೂ ಚಿಕ್ಕಂದಿನಲ್ಲಿ ಅದನ್ನು ಕಲಿತವಳೇ. ಆದರೆ ಆ ಹೊತ್ತಿನಲ್ಲಿ ಕೈಗೆ ನೆನಪಾದದ್ದು ಓಣಿಯ ರೂಢಿ. "ಜೇಸು, ಮರಿಯಾ" ಎನ್ನುತ್ತ ಕೂಸಿನ ಬಾಯಿಗೆ ನೀರು ಬಿಟ್ಟಳು. ಪಾದ್ರಿಗಳು ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು.

ಜ್ಞಾನಸ್ನಾನವಾಗದ ಕೂಸಿಗೆ ಆಗ ಸಿಮಿತ್ರಿಯೊಳಗೆ ಜಾಗವಿರಲಿಲ್ಲ. ಗಂಟೆಯಿಲ್ಲ, ಮಂತ್ರವಿಲ್ಲ. ಅಪ್ಪ ದಾಂಡೇಲಿಯಿಂದ ಬಂದು ಗೋಡೆಯ ಹೊರಗೆ ತಾನೇ ತಗ್ಗು ತೋಡಿದ. ಹೊರಗಾದರೂ ನಮ್ಮ ಪಾಲಿನ ಗೋಡೆಗೆ ಹತ್ತಿ ಇರಲೆಂದು ಅಲ್ಲಿಯೇ ತೋಡಿದ. ಅಷ್ಟರಲ್ಲಿ ಕುಂಬಾರವಾಡದಿಂದ ಜ್ಞಾನತಂದೆಯಾಗಬೇಕಾದವನು ಮೊಣಕಾಲವರೆಗೆ ಕೆಸರಾಗಿ ಬಂದು ಮುಟ್ಟಿದ. ಅವನ ಚೀಲದಲ್ಲಿ ಜ್ಞಾನಸ್ನಾನದ ಬಿಳಿ ಅಂಗಿ ಇತ್ತು. ಅದನ್ನೇ ಕೂಸಿಗೆ ತೊಡಿಸಿ ಮಣ್ಣು ಮಾಡಿದರು.

ಬಸ್ಸಿನವನ ಕೈಲಿ, ಆಮೇಲೆ ರೈಲಿನವರ ಕೈಲಿ ನನಗೆ ಸುದ್ದಿ ಬಂತು. ನಾನು ಹೋದಾಗ ಅಕ್ಕ ಗೋಡೆಗೆ ಒರಗಿ ಕೂತಿದ್ದಳು. ಹಾಲು ತುಂಬಿ ಎದೆ ನೋಯುತ್ತಿತ್ತು, ಅವ್ವ ಬಿಸಿನೀರಿನ ಬಟ್ಟೆ ಹಿಂಡಿ ಕೊಡುತ್ತಿದ್ದಳು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಅವ್ವ ಹೊರಗೆ ಹೋದ ಮೇಲೆ ಅಕ್ಕ ಹೇಳಿದಳು:

"ತಮ್ಮಾ, ನೀವು ಅಲ್ಲಿ ಧಾರವಾಡದಾಗ ಇಂಥಾವೆಲ್ಲಾ ಮಾತಾಡ್ತೀರಂತಲ್ಲ. ಒಂದು ಕೇಳ್ಕೊಂಡ ಬಾ. ಬಾಯಾಗ ಬಿಟ್ಟ ನೀರು ಗಲ್ಲದ ಮ್ಯಾಲೆ ಹರದಿತ್ತು, ನಾ ಕಣ್ಣಾರೆ ನೋಡೇನಿ. ಅದು ನಡಿಯೂದಿಲ್ಲೇನು?"

"ಕೇಳ್ತೀನಿ" ಎಂದೆ.

"ನಡಿತೈತಿ ಅಂದ್ರ ಅದನ್ನ ಒಳಗ ತರಬಹುದು. ನಾ ಸತ್ತ ಮ್ಯಾಲೆ ಅದು ನನಗ ಸಿಗತೈತಿ."

ಮುಂದಿನ ಭಾನುವಾರ ಎದ್ದು ನಿಂತೆ. "ಒಬ್ಬ ಹೆಂಗಸು" ಎಂದು ಶುರು ಮಾಡಿದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ. ಕಾರವಾರದ ಹುಡುಗ ತಲೆ ತಗ್ಗಿಸಿದ. ಫಾದರ್ ಅವಸರ ಮಾಡಲಿಲ್ಲ. ನೀರು ಎಲ್ಲೆಲ್ಲಿ ಹರಿಯಿತು, ಬಿಟ್ಟವರು ಏನು ಅಂದರು, ಮನಸ್ಸಿನಲ್ಲಿ ಏನು ಮಾಡಬೇಕೆಂದಿದ್ದರು ಎಂದು ಒಂದೊಂದಾಗಿ ಕೇಳಿದರು. ಅವರು ಒಂದು ದಾರಿ ಹುಡುಕುತ್ತಿದ್ದರೆಂದು ನನಗೆ ಈಗ ಅನ್ನಿಸುತ್ತದೆ. ಸಿಗಲಿಲ್ಲ. ಜ್ಞಾನಸ್ನಾನದ ಮಾತುಗಳನ್ನು ಆಡಿಲ್ಲ, ಆ ಉದ್ದೇಶವಿಲ್ಲ, ನೀರು ಹಣೆಯ ಮೇಲಿಲ್ಲ, ಆದ್ದರಿಂದ ಅದು ಜ್ಞಾನಸ್ನಾನವಲ್ಲ ಎಂದರು. ಅಂಥ ಕೂಸುಗಳಿಗೆ ನೋವಿಲ್ಲ, ಲಿಂಬೊ ಎನ್ನುವಲ್ಲಿ ಅವು ಸುಖವಾಗಿಯೇ ಇರುತ್ತವೆ, ದೇವರ ಮುಖ ಮಾತ್ರ ಕಾಣುವುದಿಲ್ಲ ಎಂದು ಪಂಡಿತರು ಹೇಳುತ್ತಾರೆಂದರು. "ತಾಯಿಯ ಮುಖ?" ಎಂದು ಕೇಳಿದೆ. ಗೊತ್ತಿಲ್ಲ ಎಂದರು. ಸಭೆ ಮುಗಿದ ಮೇಲೆ ಗೇಟಿನವರೆಗೂ ನನ್ನ ಜೊತೆ ನಡೆದು ಬಂದರು. ಕೂಸಿನ ಹೆಸರೇನು ಎಂದು ಕೇಳಿದರು. ಹೆಸರಿಡುವುದೂ ಜ್ಞಾನಸ್ನಾನದಲ್ಲೇ ಅಲ್ಲವೇ? "ಹೆಸರಿಲ್ಲ ಫಾದರ್" ಎಂದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

ದೀಪಾವಳಿಯ ರಜೆಗೆ ಊರಿಗೆ ಹೋದಾಗ ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅಕ್ಕ ಅಳಲಿಲ್ಲ. ತೊಡೆಯ ಮೇಲಿನ ಸೆರಗನ್ನು ಮಡಿಸುತ್ತಲೇ ಇದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ಆ ವಾರವೇ ಗಂಡ ಬಂದು ಕುಂಬಾರವಾಡಕ್ಕೆ ಕರೆದುಕೊಂಡು ಹೋದ. ಅವಳು ಹೋದ ಮೇಲೆ ಅವ್ವ ನನ್ನನ್ನು ಬಚ್ಚಲ ಹತ್ತಿರ ಕರೆದು ನೀರಿನ ತಂಬಿಗೆ ಕೈಗೆ ಕೊಟ್ಟಳು.

"ಹೆಂಗ ಹಾಕಬೇಕಾಗಿತ್ತು, ಮಾಡಿ ತೋರ್ಸು."

"ಈಗ್ಯಾಕವ್ವಾ?"

"ತೋರ್ಸು ಅಂದ್ನೆಲ್ಲ."

ಬಟ್ಟೆ ಒಗೆಯುವ ಕಲ್ಲಿನ ಮೇಲೆ ನೀರು ಬಿಟ್ಟು ತೋರಿಸಿದೆ. ಹಣೆಯ ಮೇಲೆ ಮೂರು ಸಲ, ಪಿತನ ಹೆಸರಿಗೊಮ್ಮೆ, ಸುತನ ಹೆಸರಿಗೊಮ್ಮೆ, ಪವಿತ್ರಾತ್ಮನ ಹೆಸರಿಗೊಮ್ಮೆ. ಅವಳು ತಂಬಿಗೆ ಕಸಿದುಕೊಂಡು ತಾನೂ ಮಾಡಿದಳು, ಮತ್ತೆ ಮತ್ತೆ ಮಾಡಿದಳು. ಮಾತು ತಪ್ಪಿದಾಗ ನಾನು ತಿದ್ದಿದೆ.

ಮರುವರ್ಷ ಚಳಿಗಾಲಕ್ಕೆ ಅಕ್ಕನನ್ನು ಗಾಡಿಯಲ್ಲಿ ಮಲಗಿಸಿಕೊಂಡು ತಂದರು. ಆ ಕಾಡಿನ ಚಳಿಜ್ವರ ಆಗ ಯಾರನ್ನೂ ಬಿಡುತ್ತಿರಲಿಲ್ಲ. ಬಂದುಹೋಗಿ ಬಂದುಹೋಗಿ ಅವಳಲ್ಲಿ ರಕ್ತವೇ ಉಳಿದಿರಲಿಲ್ಲ. ನಾನು ಕ್ರಿಸ್ಮಸ್ ರಜೆಗೆ ಬಂದಿದ್ದೆ. ಹಬ್ಬದ ಮರುದಿನ ನನ್ನನ್ನು ಹತ್ತಿರ ಕರೆದಳು.

"ನಿಮ್ಮ ಫಾದರ್‌ಗೆ ಇನ್ನೊಂದು ಕೇಳ್ತೀಯಾ?"

"ಏನಕ್ಕಾ?"

"ಅದನ್ನ ಒಳಗ ತರಾಕ ಆಗೂದಿಲ್ಲಂದ್ರ ನಾನs ಹೊರಗ ಹೋಗಿ ಅದರ ಮಗ್ಗಲಾಗ ಮಲಗಿದ್ರ? ಅದು ಪಾಪ ಆಕ್ಕೈತೇನು?"

ನನಗೆ ತಡೆಯಲಾಗದ ಸಿಟ್ಟು ಬಂತು. ಅವಳ ಮೇಲಲ್ಲ. ಯಾರ ಮೇಲೆಂದು ಇಂದಿಗೂ ಸರಿಯಾಗಿ ಹೇಳಲಾರೆ. "ನೀ ಯಾಕ ಸಾಯ್ತಿ? ಸುಮ್ನ ಗುಳಿಗಿ ನುಂಗು" ಎಂದು ಗದರಿಸಿದೆ. ಅವಳು ನಕ್ಕಳು. "ಕೇಳ್ಕೊಂಡ ಬಾ" ಎಂದಳು.

ಕೇಳಿದೆ. ಈ ಸಲ ಎಲ್ಲರ ನಡುವೆ ಎದ್ದು ನಿಲ್ಲಲಾಗಲಿಲ್ಲ. ಫಾದರ್ ಒಬ್ಬರೇ ಇದ್ದಾಗ, 'ಒಬ್ಬ ಹೆಂಗಸು' ಎನ್ನದೆ 'ನನ್ನ ಅಕ್ಕ' ಎಂದೇ ಕೇಳಿದೆ. ಅವರು ಕಿಟಕಿಯ ಕಡೆ ನೋಡುತ್ತ ಹೇಳಿದರು. ಪವಿತ್ರ ನೆಲ ಬೇಡವೆಂದು ಬಿಟ್ಟುಕೊಡಲು ಕ್ರಿಸ್ತುವರಿಗೆ ಅಧಿಕಾರವಿಲ್ಲ, ಯಾವ ಪಾದ್ರಿಯೂ ಅದಕ್ಕೆ ಒಪ್ಪುವಂತಿಲ್ಲ. ನಾನು ಏಳುವಷ್ಟರಲ್ಲಿ ಕೈ ಹಿಡಿದು ಕೂರಿಸಿದರು. "ಒಳಗೆ ಎಲ್ಲಿ ಮಲಗಬೇಕೆಂದು ಕೇಳಬಹುದು. ಗೋಡೆಗೆ ಹತ್ತಿ ಎಂದು ಕೇಳಿದರೆ ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹೋಗಿ ಹೇಳು, ಇವತ್ತೇ ಹೋಗು" ಎಂದರು. ಅಂದೇ ರೈಲು ಹತ್ತಿದೆ.

ಅಕ್ಕನಿಗೆ ಇನ್ನೂ ಮಾತು ಇತ್ತು. "ಗ್ವಾಡಿ ಎಷ್ಟ ದಪ್ಪ ಐತಿ?" ಎಂದು ಅಪ್ಪನನ್ನು ಕೇಳಿದಳು. ಅಪ್ಪ ಒಂದು ಗೇಣಿನ ಮೇಲೆ ನಾಲ್ಕು ಬೆರಳು ಇಟ್ಟು ತೋರಿಸಿದ. "ಅಷ್ಟs ಅಲ್ಲಾ" ಎಂದು ಅವಳು ಕಣ್ಣು ಮುಚ್ಚಿದಳು. ಈಸ್ಟರಿನ ಉಪವಾಸ ಶುರುವಾಗುವ ಮುಂಚೆ ಹೋದಳು. ಊರಿನ ಪಾದ್ರಿಗಳು ಗಂಟೆ ಬಾರಿಸಿ, ಮಂತ್ರ ಹೇಳಿ, ನಮ್ಮ ಪಾಲಿನ ಗೋಡೆಯ ಬುಡದಲ್ಲೇ ಅವಳನ್ನು ಮಣ್ಣಿಗಿಟ್ಟರು.

ಆ ಮೇ ತಿಂಗಳಲ್ಲಿ ಹೆಂಗಸರೆಲ್ಲ ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಸಿಮಿತ್ರಿಗೆ ಹೋದರು. ಗೋಡೆಗೆಲ್ಲ ಹುಲ್ಲು ಹೊದಿಸಿಯಾಯಿತು, ನಮ್ಮ ಪಾಲು ಬೋಳಾಗಿಯೇ ನಿಂತಿತ್ತು. ನಾನು ಹೋಗಿ ಹೊದಿಸಲೇ ಎಂದದ್ದಕ್ಕೆ ಅವ್ವ, "ನಿನಗ್ಯಾಕ ಹೆಂಗಸರ ಕೆಲಸ? ಓದ್ಕೋ ಹೋಗು" ಎಂದಳು. ಅಕ್ಟೋಬರಿನಲ್ಲಿ ರಜೆಗೆ ಬಂದಾಗ ನೋಡಿದರೆ, ಎಡಬಲದ ಗೋಡೆ ನಿಂತಿತ್ತು, ನಮ್ಮದು ನೆಲಸಮವಾಗಿತ್ತು. ಕರಗಿದ ಮಣ್ಣಿನ ಮೇಲೆ ಹಸಿರು ಹುಲ್ಲು ಬೆಳೆದಿತ್ತು. ಅದೇ ಹುಲ್ಲು ಅಕ್ಕನ ಮೇಲೂ ಬೆಳೆದಿತ್ತು, ಆಚೆ ಕೂಸಿನ ಮೇಲೂ ಬೆಳೆದಿತ್ತು. ನಡುವೆ ಏನೂ ಇರಲಿಲ್ಲ. ನಾನು ಅಲ್ಲೇ ಕೂತು ಅತ್ತೆ. ಅಕ್ಕ ಸತ್ತ ದಿನವೂ ನಾನು ಅಷ್ಟು ಅತ್ತಿರಲಿಲ್ಲ.

ಭಾನುವಾರ ಊರಿನ ಪಾದ್ರಿಗಳು ಇಗರ್ಜಿಯ ಮೆಟ್ಟಿಲ ಮೇಲೆ ಅವ್ವನನ್ನು ನಿಲ್ಲಿಸಿ ಕೇಳಿದರು. "ಏನಮ್ಮಾ, ನಿಮ್ಮ ಪಾಲಿನ ಗ್ವಾಡಿ ಒಂದs ಬಿದ್ದೈತಿ? ದನಾ ಒಳಗ ಬರಾಕತ್ತಾವು."

"ಈ ವರ್ಷ ಹುಲ್ಲ ಸಾಲಲಿಲ್ರೀ ಪಾದ್ರಿಗಳ."

ಪೂಜೆಯಲ್ಲಿ ಪ್ರಸಾದ ಸ್ವೀಕರಿಸಿ ಬಂದ ಬಾಯಿ ಅದು. ನಮ್ಮ ಕೊಟ್ಟಿಗೆಯ ಅಟ್ಟದಲ್ಲಿ ಗೋಡೆಗೆಂದೇ ಕೊಯ್ದ ಹುಲ್ಲು ಹೊರೆಹೊರೆಯಾಗಿ ಬಿದ್ದಿತ್ತು. ಸುಳ್ಳಿನ ಮೇಲೆ ಅಷ್ಟು ವಾದ ಮಾಡಿದ್ದ ನಾನು ಪಕ್ಕದಲ್ಲೇ ನಿಂತಿದ್ದೆ. ಪಾದ್ರಿಗಳು ನನ್ನನ್ನು ನೋಡಿದರು. "ಹೌದ್ರೀ, ಸಾಲಲಿಲ್ಲ" ಎಂದೆ. ಧಾರವಾಡಕ್ಕೆ ಮರಳಿದ ಮೇಲೆ ಅದನ್ನು ಪಾಪನಿವೇದನೆಯಲ್ಲಿ ಹೇಳಲೂ ಇಲ್ಲ.

ಎಲ್ಲರೂ ಗೋಡೆ ಎತ್ತಿ ಮುಗಿಸಿದರೂ ಅಪ್ಪ ಮಣ್ಣು ಕಲಸಿರಲಿಲ್ಲ. "ಅಪ್ಪಾ, ಹಬ್ಬ ಬಂತಲ್ಲ" ಎಂದರೆ, "ಬರ್ಲಿ. ಇನ್ನಾ ನಾಲ್ಕ ದಿನಾ ಹಂಗs ಇರ್ಲಿ" ಎಂದ. ಕಡೆಗೆ ಹಬ್ಬದ ಹಿಂದಿನ ದಿನ ಕಟ್ಟಿದ. ನೂಲು ಹಿಡಿಯಲಿಲ್ಲ. ನಾನು ಮಣ್ಣಿನ ಮುದ್ದೆ ಎತ್ತಿ ಕೊಡುತ್ತಿದ್ದೆ. ನನ್ನ ಕೈಯಿಂದಲೇ ಅವರಿಬ್ಬರ ನಡುವೆ ಮತ್ತೆ ಗೋಡೆ ಎದ್ದಿತು. ಇಷ್ಟು ವರ್ಷಗಳಾದರೂ ಆ ಒದ್ದೆ ಮಣ್ಣಿನ ತೂಕ ಅಂಗೈಯಲ್ಲಿದೆ.

ಮುಂದಿನ ವರ್ಷವೂ ಹುಲ್ಲು ಸಾಲಲಿಲ್ಲ. ಅದರ ಮುಂದಿನ ವರ್ಷವೂ ಅಷ್ಟೇ. ನಮ್ಮನೆಯ ಪಾಲಿಗೂ ಜನ ನಗತೊಡಗಿದರು. ಅಪ್ಪನಿಗೆ ವಯಸ್ಸಾಯಿತು, ಮಗ ಓದಿ ಸಾಹೇಬನಾದ ಎಂದರು. ನಾನಾಗ ಓದು ಮುಗಿಸಿ ಮುಂಡಗೋಡಿನ ಶಾಲೆಯಲ್ಲಿ ಮಾಸ್ತರನಾಗಿದ್ದೆ. ಯುದ್ಧವೂ ಮುಗಿದಿತ್ತು. ಒಂದು ಬೇಸಿಗೆ ರಜೆಗೆ ಬಂದಾಗ ಪಾದ್ರಿಗಳು ಸಿಮಿತ್ರಿಗೆ ಕಲ್ಲಿನ ಗೋಡೆ ಹಾಕಿಸುತ್ತಿದ್ದರು. ಇನ್ನು ಮೇಲೆ ಹುಲ್ಲೂ ಬೇಡ, ಮಣ್ಣೂ ಬೇಡ, ಪಾಲೂ ಬೇಡ. ಊರೆಲ್ಲ ಹಿಗ್ಗಿತು. ನಮ್ಮ ಮನೆಯಲ್ಲಿ ಆ ದಿನ ಯಾರಿಗೂ ಊಟ ಸೇರಲಿಲ್ಲ.

"ಇನ್ನ ಬೀಳೂದಿಲ್ಲಲ್ಲಾ ಅದು?" ಎಂದು ಅವ್ವ ಕೇಳಿದಳು.

"ಕಲ್ಲಿಂದು" ಎಂದ ಅಪ್ಪ.

ನಮ್ಮ ಪಾಲಿನ ಜಾಗಕ್ಕೆ ಗೌಂಡಿ ಪಾಯದ ಕಲ್ಲು ಇಡುವ ದಿನ ಅವ್ವ ಅಲ್ಲಿಗೆ ಹೋದಳು. ಏನಾದರೂ ಜಗಳವಾದೀತೆಂದು ನಾನೂ ಹಿಂದೆ ಹೋದೆ. ಪಾದ್ರಿಗಳು ಕೊಡೆ ಹಿಡಿದು ನಿಂತು ಕೆಲಸ ನೋಡುತ್ತಿದ್ದರು. ಅವ್ವ ಜಗಳವಾಡಲಿಲ್ಲ. ಗೌಂಡಿಯ ಹತ್ತಿರ ಕೂತು, ಅಕ್ಕನ ಸಮಾಧಿಗೆ ನೇರವಾಗಿ ನೆಲದ ಮಟ್ಟಕ್ಕೆ ಕೈ ಇಟ್ಟು ತೋರಿಸಿದಳು.

"ಇಲ್ಲೊಂದು ಕಿಂಡಿ ಬಿಡಪಾ. ಮಳಿ ನೀರ ಈ ಕಡೆ ಇಳಿಜಾರ ಬರತೈತಿ. ನಿಂತರ ಗ್ವಾಡಿ ಕೆಡತೈತಿ."

"ಆ ಮೂಲ್ಯಾಗ ಬಿಟ್ಟೇವಿ, ಸಾಕಾಗತೈತಿ ಯವ್ವಾ" ಎಂದ ಗೌಂಡಿ.

ಪಾದ್ರಿಗಳು ಅವ್ವನ ಕೈಯನ್ನೂ ಆ ಜಾಗವನ್ನೂ ನೋಡಿದರು. ಹೊರಗೆ ಕೂಸಿದ್ದ ಕಡೆಗೂ ಒಮ್ಮೆ ನೋಡಿದರು. "ಆಕಿ ಹೇಳಿದಲ್ಲೇ ಬಿಡು" ಎಂದು ಗೌಂಡಿಗೆ ಹೇಳಿ, ಹಿಂದಿರುಗಿ ನೋಡದೆ ಇಗರ್ಜಿಯ ಕಡೆ ನಡೆದುಹೋದರು.

ಜೂನ್ ಮೊದಲಲ್ಲಿ, ನಾನು ಮುಂಡಗೋಡಿಗೆ ಹೊರಡಬೇಕಾಗಿದ್ದ ದಿನವೇ, ಮಳೆ ಹಿಡಿಯಿತು. ಅವ್ವ ಗೋಣಿಚೀಲ ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಯಾರಿಗೂ ಹೇಳದೆ ಹೊರಟಳು. ನಾನು ಕೊಡೆ ತೆಗೆದುಕೊಂಡು ಹಿಂದೆಯೇ ಓಡಿದೆ. ಅವಳು ಸಿಮಿತ್ರಿಯೊಳಗೆ ಹೋಗಲಿಲ್ಲ. ಗೋಡೆಯನ್ನು ಬಳಸಿ ಹೊರಗಿನಿಂದ ನಡೆದು ಕಿಂಡಿಯ ಮುಂದೆ ಮೊಣಕಾಲೂರಿ ಕೂತಳು. ಒಳಗಿನ ನೀರು ಅಕ್ಕನ ಮೇಲೆ ಹಾದು ಕೆಂಪಗೆ ಕಿಂಡಿಯಿಂದ ಹೊರಗೆ ಹರಿಯುತ್ತಿತ್ತು. ಅವ್ವ ಗೋಣಿಚೀಲವನ್ನು ಹಿಂದಕ್ಕೆ ಸರಿಸಿದಳು. ಬೊಗಸೆಯಲ್ಲಿ ಆ ನೀರು ಹಿಡಿದು, ಕೂಸಿನ ತಲೆ ಇರುವ ಕಡೆ ನೋಡಿಕೊಂಡು, ಒಂದು ಸಲ ಬಿಟ್ಟಳು. ಮತ್ತೆ ಹಿಡಿದು ಬಿಟ್ಟಳು. ಮೂರನೆಯ ಸಲವೂ ಬಿಟ್ಟಳು. ಬಚ್ಚಲಲ್ಲಿ ನಾನು ಕಲಿಸಿದ ಮಾತುಗಳಲ್ಲಿ ಒಂದೂ ತಪ್ಪಲಿಲ್ಲ. ನಡುವೆ ಒಂದು ಹೆಸರನ್ನೂ ಹೇಳಿದಳು. ಮಳೆಯ ಸದ್ದಿನಲ್ಲಿ ಅದು ನನಗೆ ಕೇಳಿಸಲಿಲ್ಲ.

ಸತ್ತವರಿಗೆ ಜ್ಞಾನಸ್ನಾನವಿಲ್ಲ. ಅದನ್ನೂ, ಅದು ಯಾಕೆ ಎನ್ನುವುದನ್ನೂ ಆ ಕೋಣೆಯಲ್ಲಿ ಫಾದರ್ ನಮಗೆ ವಿವರಿಸಿದ್ದರು. ಅವ್ವ ಏಳುವವರೆಗೂ ಅವಳ ಮೇಲೆ ಕೊಡೆ ಹಿಡಿದು ನಿಂತೆ.